ಫಾರ್ಮ್ಯಾಟ್ ಮಾಡಿದರೆ ಗೇಮ್ ಹೋಗುತ್ತಾ? ಸ್ಟೀಮ್ ಬಳಸಿ ನಾನು ಕಲಿತದ್ದು

2019ರ ಮಳೆಗಾಲದಲ್ಲಿ ನನ್ನ ಕಂಪ್ಯೂಟರಿನ ವಿಂಡೋಸ್ ಕೆಟ್ಟುಹೋಯಿತು. ಆನ್ ಮಾಡಿದಾಗಲೆಲ್ಲ ನೀಲಿ ಪರದೆ. ಫಾರ್ಮ್ಯಾಟ್ ಮಾಡದೆ ಬೇರೆ ದಾರಿ ಇರಲಿಲ್ಲ. ತಮ್ಮ ಪಕ್ಕದಲ್ಲೇ ನಿಂತಿದ್ದ. "ಅಣ್ಣ, ಗೇಮ್ ಎಲ್ಲಾ ಹೋಗ್ತವಾ? ದುಡ್ಡು ಕೊಟ್ಟು ತಗೊಂಡಿದ್ದಲ್ವಾ?" ಎಂದ.

ನನಗೂ ಅದೇ ಭಯ. ಡಿ ಡ್ರೈವಿನಲ್ಲಿ, ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡ ಸುಮಾರು 300 ಜಿಬಿ ಗೇಮ್‌ಗಳಿದ್ದವು. ಹಾಸನದ ನಮ್ಮ ಮನೆಗೆ ಆಗ ಫೈಬರ್ ಬಂದಿರಲಿಲ್ಲ. ಫೋನಿನ ಹಾಟ್‌ಸ್ಪಾಟೇ ಗತಿ, ದಿನಕ್ಕೆ 1.5 ಜಿಬಿ. ಆ ಲೆಕ್ಕದಲ್ಲಿ ಎಲ್ಲವನ್ನೂ ಮತ್ತೆ ಇಳಿಸಲು 200 ದಿನ ಬೇಕು. ಅವನ್ನೆಲ್ಲ ಗೆಳೆಯನ ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಇಳಿಸಿ, ಹಾರ್ಡ್ ಡಿಸ್ಕಿನಲ್ಲಿ ಹೊತ್ತು ತಂದಿದ್ದೆ.

ನಡೆದದ್ದೇ ಬೇರೆ. ಸಿ ಡ್ರೈವ್ ಒಂದನ್ನೇ ಫಾರ್ಮ್ಯಾಟ್ ಮಾಡಿದೆ. ವಿಂಡೋಸ್ ಹಾಕಿ, ಸ್ಟೀಮ್ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಡಿ ಡ್ರೈವಿನ ಹಳೆಯ ಗೇಮ್ ಫೋಲ್ಡರ್ ತೋರಿಸಿದೆ. ಒಂದೊಂದಾಗಿ ಎಲ್ಲಾ ಗೇಮ್‌ಗಳೂ ಪಟ್ಟಿಯಲ್ಲಿ ಬಂದವು. ಸ್ಟೀಮ್‌ಆ್ಯಪ್ಸ್ ಎಂಬ ಫೋಲ್ಡರಿನಲ್ಲಿ ಒಂದೊಂದು ಗೇಮಿಗೂ ಆ್ಯಪ್‌ಮ್ಯಾನಿಫೆಸ್ಟ್ ಎಂದು ಶುರುವಾಗುವ ಚಿಕ್ಕ ಫೈಲ್ ಇರುತ್ತದೆ. ಅದನ್ನು ನೋಡಿಯೇ ಯಾವ ಗೇಮ್ ಇದೆ ಎಂದು ಸ್ಟೀಮ್ ತಿಳಿಯುತ್ತದೆ. ಆ ಫೈಲ್ ಕಳೆದುಹೋದರೂ ಪರವಾಗಿಲ್ಲ. ಅದೇ ಡ್ರೈವಿಗೆ ಇನ್‌ಸ್ಟಾಲ್ ಒತ್ತಿದರೆ ಮೊದಲು ಇರುವ ಫೈಲ್‌ಗಳನ್ನು ಪರೀಕ್ಷಿಸಿ, ಕಡಿಮೆ ಬಿದ್ದದ್ದನ್ನಷ್ಟೇ ಇಳಿಸಿಕೊಳ್ಳುತ್ತದೆ. ಡಿಸ್ಕ್ ಪೂರ್ತಿ ಸುಟ್ಟುಹೋದರೂ ಗೇಮ್ ಆಡುವ ಹಕ್ಕು ಅಕೌಂಟಿನಲ್ಲೇ ಇರುತ್ತದೆ. ಹೋಗುವುದು ಡೌನ್‌ಲೋಡ್ ಮಾತ್ರ.

ಆದರೆ ಅವತ್ತು ನಿಜವಾಗಿ ಕಳೆದುಹೋದದ್ದು ಒಂದಿದೆ. ನಾವಿಬ್ಬರೂ ಸೇರಿ 70 ಗಂಟೆ ಆಡಿದ್ದ ಒಂದು ಗೇಮಿನ ಸೇವ್ ಫೈಲ್, ಅಂದರೆ ಎಲ್ಲಿಯವರೆಗೆ ಆಡಿದ್ದೇವೆ ಎಂಬುದನ್ನು ಉಳಿಸಿಡುವ ಫೈಲ್. ಸ್ಟೀಮಿನಲ್ಲಿರುವ ಎಲ್ಲ ಗೇಮಿಗೂ ಕ್ಲೌಡ್ ಸೇವ್, ಅಂದರೆ ಆ ಫೈಲಿನ ಪ್ರತಿ ಸ್ಟೀಮಿನ ಸರ್ವರಿನಲ್ಲೂ ಉಳಿಯುವ ವ್ಯವಸ್ಥೆ, ಇರುತ್ತದೆ ಎಂದುಕೊಂಡಿದ್ದೆ. ಇರುವುದಿಲ್ಲ. ಅದನ್ನು ಕೊಡುವುದು ಬಿಡುವುದು ಗೇಮ್ ಮಾಡಿದವರಿಗೆ ಬಿಟ್ಟದ್ದು. ಗೇಮ್ ಇದ್ದದ್ದು ಡಿ ಡ್ರೈವಿನಲ್ಲಿ, ಅದರ ಸೇವ್ ಇದ್ದದ್ದು ಸಿ ಡ್ರೈವಿನ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ. ತಮ್ಮ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅಂದಿನಿಂದ ಗೇಮ್ ಕೊಳ್ಳುವ ಮೊದಲು ಸ್ಟೋರ್ ಪುಟದಲ್ಲಿ 'ಸ್ಟೀಮ್ ಕ್ಲೌಡ್' ಎಂದು ಬರೆದಿದೆಯಾ ಎಂದು ನೋಡುತ್ತೇನೆ. ಇಲ್ಲದಿದ್ದರೆ ತಿಂಗಳಿಗೊಮ್ಮೆ ಸೇವ್ ಫೈಲ್ ಹುಡುಕಿ ಪೆನ್‌ಡ್ರೈವಿಗೆ ಹಾಕುತ್ತೇನೆ. ಸಾಮಾನ್ಯವಾಗಿ ಅದು ಡಾಕ್ಯುಮೆಂಟ್ಸ್, ಸೇವ್ಡ್ ಗೇಮ್ಸ್ ಅಥವಾ ಆ್ಯಪ್‌ಡೇಟಾ ಫೋಲ್ಡರಿನಲ್ಲಿ ಸಿಗುತ್ತದೆ.

ಇಂಟರ್ನೆಟ್ ಇಲ್ಲದೆ ಸ್ಟೀಮ್ ನಡೆಯುವುದೇ ಇಲ್ಲ ಎಂದು ಈಗಲೂ ಹಲವರು ಹೇಳುತ್ತಾರೆ. ನಮ್ಮ ಅಜ್ಜಿಯ ಊರು ಸಕಲೇಶಪುರದ ಆಚೆ. ಮಳೆ ಬಂದರೆ ಫೋನಿಗೂ ಸಿಗ್ನಲ್ ಇರುವುದಿಲ್ಲ. ಅಲ್ಲಿ ಪ್ರತಿ ರಜೆಯಲ್ಲೂ ಲ್ಯಾಪ್‌ಟಾಪಿನಲ್ಲಿ ಆಡುತ್ತೇನೆ. ಹೊರಡುವ ಹಿಂದಿನ ದಿನ ಅಪ್‌ಡೇಟ್‌ಗಳೆಲ್ಲ ಮುಗಿದಿವೆಯಾ ನೋಡಿ, ಪ್ರತಿ ಗೇಮನ್ನೂ ಒಮ್ಮೆ ತೆರೆದು ಮುಚ್ಚಿ, ಆಮೇಲೆ ಆಫ್‌ಲೈನ್ ಮೋಡ್‌ಗೆ ಹೋಗುತ್ತೇನೆ. ಸ್ಟೀಮಿನ ಜೊತೆಗೆ ಇನ್ನೊಂದು ಲಾಗಿನ್ ಕೇಳುವ ಗೇಮ್ ಇದ್ದರೆ, ಮನೆಯಲ್ಲೇ ನೆಟ್ ತೆಗೆದು ಪರೀಕ್ಷಿಸಿ ನೋಡಿ. ಕೆಲವು ನಡೆಯುತ್ತವೆ, ಕೆಲವು ನಡೆಯುವುದಿಲ್ಲ.

ಸ್ಪೀಡಿನ ಬಗ್ಗೆ ಒಂದು ಮಾತು. ಮನೆಗೆ 40 ಎಂಬಿಪಿಎಸ್ ಫೈಬರ್ ಬಂದ ದಿನ, ಸ್ಟೀಮ್ ಬರೀ 5 ತೋರಿಸುತ್ತಿದೆ ಎಂದು ತಮ್ಮ ಕೂಗಿದ. ಪ್ಲಾನಿನ 40 ಮೆಗಾಬಿಟ್, ಪರದೆಯ 5 ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಎರಡೂ ಒಂದೇ. 60 ಜಿಬಿ ಗೇಮಿಗೆ ಮೂರೂಕಾಲು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ಮನೆಯಲ್ಲಿ ಎರಡು ಕಂಪ್ಯೂಟರ್ ಇದ್ದರೆ ಎರಡು ಸಲ ಇಳಿಸುವುದೂ ಬೇಡ. 2023ರಿಂದ ಒಂದರಲ್ಲಿರುವ ಗೇಮನ್ನು ಮನೆಯ ರೂಟರ್ ಮೂಲಕವೇ ಇನ್ನೊಂದಕ್ಕೆ ಕಳಿಸಬಹುದು. ಡೇಟಾ ಲಿಮಿಟ್ ಇರುವ ನಮ್ಮಂಥವರಿಗೆ ಇದು ದೊಡ್ಡ ಉಪಕಾರ.

ದುಡ್ಡು ವಾಪಸ್ ಬರುವುದಿಲ್ಲ ಎಂಬುದೂ ತಪ್ಪು. 2015ರ ಜೂನ್‌ನಿಂದ ಸ್ಟೀಮಿನಲ್ಲಿ ನಿಯಮ ಸ್ಪಷ್ಟವಾಗಿದೆ. ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ಕಾರಣ ಏನೇ ಇರಲಿ, ಕೇಳಬಹುದು. ಒಂದು ಎಚ್ಚರಿಕೆ ಬೇಕು. ಗೇಮ್ ತೆರೆದಿಟ್ಟು ಊಟಕ್ಕೆ ಹೋದರೆ ಆ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಕೊಂಡ ಮಾರನೇ ದಿನವೇ ಸೇಲ್ ಬಂದರೆ, ವಾಪಸ್ ಮಾಡಿ ಕಡಿಮೆ ಬೆಲೆಗೆ ಮತ್ತೆ ಕೊಳ್ಳುವುದನ್ನು ದುರ್ಬಳಕೆ ಎಂದು ನೋಡುವುದಿಲ್ಲ ಎಂದು ಸ್ಟೀಮ್ ನಡೆಸುವ ಕಂಪನಿ ವಾಲ್ವ್ ಬರೆದೇ ಹೇಳಿದೆ. ನಾನು ಎರಡು ಸಲ ಹಾಗೆ ಮಾಡಿದ್ದೇನೆ.

ಆದರೆ ಸ್ಟೀಮಿನ ಹೊರಗೆ ಕೊಂಡ ಕೀಗಳಿಗೆ (ಗೇಮನ್ನು ಅಕೌಂಟಿಗೆ ಸೇರಿಸುವ ಕೋಡ್‌ಗಳಿಗೆ) ಈ ನಿಯಮ ಇಲ್ಲ. ಇದು ನನಗೆ ನೋವು ಕೊಟ್ಟ ಪಾಠ. ಯಾರು ಬೇಕಾದರೂ ಕೀ ಮಾರಬಹುದಾದ ಒಂದು ತಾಣದಲ್ಲಿ ಅರ್ಧ ಬೆಲೆಗೆ ಒಂದು ಗೇಮ್ ಸಿಕ್ಕಿತು. ಮೂರು ವಾರದ ನಂತರ ಅದು ನನ್ನ ಲೈಬ್ರರಿಯಲ್ಲಿ ಇರಲಿಲ್ಲ. ಕದ್ದ ಕಾರ್ಡಿನಿಂದ ಕೊಂಡ ಕೀಗಳು ಇಂಥ ಕಡೆ ಸೇರುತ್ತವೆ. ದೂರು ಬಂದಾಗ ಅವನ್ನು ರದ್ದು ಮಾಡುತ್ತಾರೆ. ಹಾಗೆಂದು ಹೊರಗೆ ಸಿಗುವ ಕೀ ಎಲ್ಲವೂ ಕಳ್ಳ ಮಾಲಲ್ಲ. ಗೇಮ್ ಮಾಡಿದವರೇ ಬೇರೆ ಅಂಗಡಿಗಳಿಗೆ ಸ್ಟೀಮ್ ಕೀ ಕೊಡುತ್ತಾರೆ, ಅದರಲ್ಲಿ ವಾಲ್ವ್ ಪಾಲು ಕೇಳುವುದೂ ಇಲ್ಲ. ಅಂಗಡಿಗೆ ಕೀ ನೇರವಾಗಿ ಗೇಮ್ ಮಾಡಿದವರಿಂದಲೇ ಬಂದಿದೆಯಾ ಎಂಬುದೊಂದನ್ನು ನೋಡಿಕೊಂಡರೆ ಸಾಕು.

ಪುಕ್ಕಟೆ ಗೇಮ್‌ಗಳ ಗೊಂದಲವೂ ಇದೆ. ಎಪಿಕ್ ಎಂಬ ಇನ್ನೊಂದು ಆನ್‌ಲೈನ್ ಗೇಮ್ ಅಂಗಡಿ ಶುರುವಾದ 2018ರ ಡಿಸೆಂಬರ್‌ನಿಂದ ಕೊಡುತ್ತಿರುವ ಉಚಿತ ಗೇಮನ್ನು ಸಮಯದೊಳಗೆ ಪಡೆದುಕೊಂಡರೆ ಅದು ನಿಮ್ಮ ಅಕೌಂಟಿನಲ್ಲೇ ಉಳಿಯುತ್ತದೆ. ಸ್ಟೀಮಿನ 'ಫ್ರೀ ವೀಕೆಂಡ್' ಆ ವಾರಾಂತ್ಯಕ್ಕೆ ಮಾತ್ರ.

ಕೊನೆಗೆ ತಮ್ಮನ ಮೊದಲ ಪ್ರಶ್ನೆಗೆ ಬರುತ್ತೇನೆ. ದುಡ್ಡು ಕೊಟ್ಟು ತಗೊಂಡಿದ್ದು ನಮ್ಮದಲ್ವಾ? ಅಲ್ಲ, ನಾವು ಕೊಂಡದ್ದು ಆಡುವ ಲೈಸೆನ್ಸ್. 2024ರ ಅಕ್ಟೋಬರ್‌ನಿಂದ ಸ್ಟೀಮ್ ಇದನ್ನು ಕಾರ್ಟಿನಲ್ಲೇ ಬರೆದು ತೋರಿಸುತ್ತಿದೆ. 2014ರಲ್ಲಿ ಬಂದ ದಿ ಕ್ರ್ಯೂ ಎಂಬ ಕಾರ್ ಗೇಮಿನ ಸರ್ವರ್‌ಗಳನ್ನು ಅದನ್ನು ಹೊರತಂದ ಕಂಪನಿ ಯೂಬಿಸಾಫ್ಟ್ 2024ರ ಮಾರ್ಚ್ 31ರಂದು ನಿಲ್ಲಿಸಿತು. ದುಡ್ಡು ಕೊಟ್ಟವರೂ ಆಮೇಲೆ ಅದನ್ನು ಒಬ್ಬರೇ ಕೂತು ಆಡುವಂತಿರಲಿಲ್ಲ. ಅಂಗಡಿಯಿಂದ ತೆಗೆದ ಗೇಮ್ ಸಾಮಾನ್ಯವಾಗಿ ಕೊಂಡವರ ಲೈಬ್ರರಿಯಲ್ಲಿ ಉಳಿಯುತ್ತದೆ. ಸರ್ವರ್ ನಿಂತ ಗೇಮಿನ ಕತೆ ಬೇರೆ.

ಅದಕ್ಕೇ ನಾನು ಜೀವಮಾನ ಪೂರ್ತಿ ಇಟ್ಟುಕೊಳ್ಳಬೇಕು ಅನಿಸುವ ಗೇಮ್‌ಗಳನ್ನು ಜಿಒಜಿ ಎಂಬ ಮತ್ತೊಂದು ಆನ್‌ಲೈನ್ ಅಂಗಡಿಯಲ್ಲಿ ಕೊಳ್ಳುತ್ತೇನೆ. ಕಾನೂನಿನ ಪ್ರಕಾರ ಅಲ್ಲೂ ಅದು ಲೈಸೆನ್ಸೇ. ಆದರೆ ಅವರು ಬೀಗವಿಲ್ಲದ ಇನ್‌ಸ್ಟಾಲರ್ ಕೊಡುತ್ತಾರೆ. ಲಾಗಿನ್ ಬೇಡ, ನೆಟ್ ಬೇಡ. ಅಂಥ ಹನ್ನೊಂದು ಗೇಮ್‌ಗಳ ಇನ್‌ಸ್ಟಾಲರ್ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿವೆ. ಡಿಸ್ಕ್ ಅಮ್ಮನ ಬೀರುವಿನಲ್ಲಿ, ಮನೆಯ ಕಾಗದಪತ್ರಗಳ ಪಕ್ಕದಲ್ಲಿದೆ.