ರೀಸ್ಟೋರ್ ಮಾಡಿದ ಹಳೆಯ ಅಮೆರಿಕನ್ ಮಸಲ್ ಕಾರನ್ನು ಕೊಳ್ಳುವ ಮುನ್ನ ಪರೀಕ್ಷಿಸುವ ಬಗೆ

ಮಧ್ಯಮ ಗಾತ್ರದ ಎರಡು ಬಾಗಿಲಿನ ಕಾರಿಗೆ ದೊಡ್ಡ ವಿ-8 ಎಂಜಿನ್ ಕೂರಿಸಿ ಮಾರಿದ ಅಮೆರಿಕನ್ ವಾಹನಗಳನ್ನು ಸಾಮಾನ್ಯವಾಗಿ ಮಸಲ್ ಕಾರು ಎನ್ನುತ್ತಾರೆ. 1964ರ ಪಾಂಟಿಯಾಕ್ ಜಿಟಿಒ ಕಾರಿನೊಂದಿಗೆ ಬಲ ಪಡೆದ ಈ ಪರಂಪರೆಯು 1973ರ ತೈಲ ಬಿಕ್ಕಟ್ಟಿನ ಹೊತ್ತಿಗೆ ಬಹುಮಟ್ಟಿಗೆ ಮುಗಿದಿತ್ತು. ಫೋರ್ಡ್ ಮಸ್ಟಾಂಗ್ ಮತ್ತು ಷೆವರ್ಲೆ ಕಮಾರೋಗಳನ್ನು ಬಲ್ಲವರು ಸ್ವಲ್ಪ ಚಿಕ್ಕ ಗಾತ್ರದ ಪೋನಿ ಕಾರುಗಳೆಂದು ಬೇರೆಯಾಗಿ ಎಣಿಸುತ್ತಾರೆ; ಮಾರುವವರಿಗೆ ಆ ಭೇದವಿರುವುದಿಲ್ಲ.

ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಇದ್ದುಕೊಂಡು ಇಂಥ ಕಾರಿಗೆ ಮನಸೋತವರು ಅದನ್ನು ನೋಡಲು ಬೆಂಗಳೂರಿಗೋ ಮುಂಬೈಗೋ ಹೋಗಬೇಕಾಗುವುದೇ ಹೆಚ್ಚು. ಹೊರಡುವ ಮೊದಲೇ ಮಾರುವವರಿಂದ ಎರಡು ಪ್ರತ್ಯೇಕ ಪಟ್ಟಿಗಳನ್ನು ಬರೆಸಿಕೊಳ್ಳಬೇಕು. ಕಾರ್ಖಾನೆಯಿಂದ ಹೊರಬಂದಾಗಿನ ಸ್ಥಿತಿಗೆ ಮರಳಿಸಲು ಏನೇನು ಮಾಡಿದರು ಎಂಬುದು ಮೊದಲನೆಯದು; ಆ ಸ್ಥಿತಿಯನ್ನು ಮೀರಿ ಏನೇನು ಬದಲಾಯಿಸಿದರು ಎಂಬುದು ಎರಡನೆಯದು. ಅಮೆರಿಕದಲ್ಲಿ ಈ ಎರಡೂ ಬೆಲೆಯನ್ನು ಏರಿಸಬಹುದು. ನಮ್ಮಲ್ಲಿ ಎರಡನೆಯ ಪಟ್ಟಿ ಉದ್ದವಾದಷ್ಟೂ ಕೊಳ್ಳುವವನಿಗೆ ತೊಡಕು ಹೆಚ್ಚು, ಏಕೆಂದರೆ ಅದರ ಪ್ರತಿಯೊಂದು ಸಾಲೂ ಆರ್‌ಸಿಯೊಂದಿಗೆ ತಾಳೆಯಾಗಬೇಕು.

ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. 2021ರ ಜುಲೈನಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮಗಳು ಇನ್ನೂ ಸ್ಪಷ್ಟವಾಗಿವೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿಸಿಕೊಂಡ, ಷಾಸಿ, ಬಾಡಿ ಅಥವಾ ಎಂಜಿನ್ ಗಣನೀಯವಾಗಿ ಬದಲಾಗದ ವಾಹನಕ್ಕೆ ಮಾತ್ರ ಆ ಮಾನ್ಯತೆ ದೊರೆಯುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕವಿದ್ದು, ನೋಂದಣಿಯು 10 ವರ್ಷ ಚಾಲ್ತಿಯಲ್ಲಿರುತ್ತದೆ; ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಅಂಥ ಕಾರನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಹೀಗಿರುವಾಗ ‘ವಿಂಟೇಜ್ ನೋಂದಣಿಯ, ಹೊಸ ಎಂಜಿನ್ ಹಾಕಿದ ಕಾರು’ ಎಂಬ ಜಾಹೀರಾತು ಕಂಡರೆ ಅದರಲ್ಲೇ ವಿರೋಧಾಭಾಸವಿದೆ ಎಂದು ತಿಳಿಯಬೇಕು. ಎಂಜಿನ್ ಬದಲಾಗಿದ್ದರೆ ಸಾರಿಗೆ ಕಚೇರಿಯ ಅನುಮತಿಯನ್ನೂ ಆರ್‌ಸಿಯಲ್ಲಿ ನಮೂದಾದ ಹೊಸ ಎಂಜಿನ್ ಸಂಖ್ಯೆಯನ್ನೂ ಕೇಳಿ ನೋಡಬೇಕು. ಆಮದಾದ ಕಾರಾದ್ದರಿಂದ ಕಸ್ಟಮ್ಸ್ ದಾಖಲೆಯಾದ ಬಿಲ್ ಆಫ್ ಎಂಟ್ರಿಯನ್ನೂ ಕೇಳಬೇಕು. ಇವುಗಳ ಪ್ರತಿಗಳನ್ನು ಕಳುಹಿಸಲು ಹಿಂಜರಿಯುವವರ ಕಾರನ್ನು ನೋಡಲು ಹೋಗದಿರುವುದೇ ಲೇಸು.

ಕಾಗದಪತ್ರ ಸರಿಯಿದ್ದರೆ ಮುಂದಿನ ಕೆಲಸ ಕಾರಿನ ಗುರುತಿನ ಪರೀಕ್ಷೆ. ಈಗಿನ 17 ಅಕ್ಷರಗಳ ವಾಹನ ಸಂಖ್ಯೆ ಅಮೆರಿಕದಲ್ಲಿ ರೂಢಿಗೆ ಬಂದದ್ದು 1981ರ ಮಾದರಿಗಳಿಂದ. ಅದಕ್ಕೂ ಮೊದಲು ಪ್ರತಿ ಕಂಪನಿಗೂ ತನ್ನದೇ ಪದ್ಧತಿಯಿತ್ತು. 1960ರ ದಶಕದ ಮಸ್ಟಾಂಗ್‌ನ ಸಂಖ್ಯೆಯಲ್ಲಿ ಮೊದಲ ಅಂಕಿ ಮಾದರಿ ವರ್ಷವನ್ನೂ ಎರಡನೆಯ ಅಕ್ಷರ ಕಾರ್ಖಾನೆಯನ್ನೂ ಐದನೆಯ ಅಕ್ಷರ ಎಂಜಿನ್ನನ್ನೂ ಹೇಳುತ್ತವೆ. ಆದ್ದರಿಂದ ಆರು ಸಿಲಿಂಡರಿನ ಸಾಧಾರಣ ಮಸ್ಟಾಂಗನ್ನು ದೊಡ್ಡ ಎಂಜಿನ್ನಿನ ಕಾರೆಂದು ನಂಬಿಸುವುದು ಸುಲಭವಲ್ಲ. ಷೆವರ್ಲೆಯ ಮಾತು ಬೇರೆ. 1969 ಮತ್ತು 1970ರ ಷೆವೆಲ್ ಕಾರುಗಳ ಸಂಖ್ಯೆಯಲ್ಲಿ ‘ಎಸ್‌ಎಸ್’ (ಸೂಪರ್ ಸ್ಪೋರ್ಟ್, ಹೆಚ್ಚು ಶಕ್ತಿಯ ಮಾದರಿ) ಎಂಬುದರ ಸುಳಿವೇ ಇರುವುದಿಲ್ಲ, ಹಾಗಾಗಿ ಲಾಂಛನ ಅಂಟಿಸಿ ಪಟ್ಟೆ ಬಳಿದವನೆಲ್ಲ ಎಸ್‌ಎಸ್ ಮಾರಬಲ್ಲ. ಅಂಥಲ್ಲಿ ಕಾರ್ಖಾನೆಯ ಮೂಲ ಕಾಗದ ಮತ್ತು ಎಂಜಿನ್ ಬ್ಲಾಕಿನ ಮೇಲಿನ ಅಚ್ಚು ಇವೆರಡೇ ಆಧಾರ. ಮಸ್ಟಾಂಗ್ ಮತ್ತು ಕಮಾರೋಗಳಿಗೆ ಇಡೀ ಬಾಡಿ ಷೆಲ್ಲೇ ಹೊಸದಾಗಿ ತಯಾರಾಗಿ ಮಾರಾಟಕ್ಕೆ ಸಿಗುತ್ತದೆ. ಆದುದರಿಂದ ಸಂಖ್ಯೆಯ ಫಲಕದ ರಿವೆಟ್‌ಗಳು ಹಳೆಯವೇ, ಸುತ್ತಲಿನ ತಗಡಿನಲ್ಲಿ ಹೊಸ ಬೆಸುಗೆಯ ಗುರುತಿದೆಯೇ ಎಂಬುದನ್ನು ಟಾರ್ಚ್ ಹಿಡಿದು ನೋಡಬೇಕು, ಷಾಸಿ ಸಂಖ್ಯೆಯ ಪೆನ್ಸಿಲ್ ಅಚ್ಚನ್ನು ಎದುರಿನಲ್ಲೇ ತೆಗೆಸಬೇಕು.

ಇಷ್ಟಾದ ಮೇಲೆ ತಗಡು. ಬಣ್ಣದ ಹೊಳಪಿಗೆ ಮರುಳಾಗುವುದು ಸಹಜ, ಆದರೆ ಹಣ ನುಂಗುವುದು ಬಣ್ಣದ ಕೆಳಗಿನ ತುಕ್ಕು. ಒಣಹವೆಯ ನಮ್ಮ ಬಯಲುಸೀಮೆಯಲ್ಲಿ ಇದ್ದ ಕಾರಿಗೂ ಕರಾವಳಿಯ ಉಪ್ಪುಗಾಳಿಯಲ್ಲಿ ನಿಂತ ಕಾರಿಗೂ ವ್ಯತ್ಯಾಸವಿರುವಂತೆ, ಅಮೆರಿಕದಲ್ಲೂ ಅರಿಜೋನಾದ ಮರುಭೂಮಿಯ ಕಾರಿಗೂ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್ನಿನ ಕಾರಿಗೂ ಅಜಗಜಾಂತರವಿದೆ. ತೆಳುವಾದ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲುಗಳ ಕೆಳ ಅಂಚು, ಹಿಂಚಕ್ರಗಳ ಮೇಲ್ಭಾಗ ಮತ್ತು ಡಿಕ್ಕಿಯ ತಳದಲ್ಲಿ ಆಡಿಸಬೇಕು. ಎಲ್ಲಿ ಹಿಡಿತ ಸಡಿಲವಾಗುತ್ತದೆಯೋ ಅಲ್ಲಿ ಪುಟ್ಟಿ ತುಂಬಿದೆ ಎಂದು ಅರ್ಥ. 1965ರಿಂದ 1968ರವರೆಗಿನ ಮಸ್ಟಾಂಗ್‌ಗಳಲ್ಲಿ ಮುಂಗಾಜಿನ ಕೆಳಗಿನ ಗಾಳಿಗಿಂಡಿಯ ಒಳಭಾಗ ತುಕ್ಕು ಹಿಡಿದು ನೀರು ಕಾಲ ಬಳಿ ಸೋರುವುದು ಬಹಳ ಪ್ರಸಿದ್ಧವಾದ ದೋಷ. ಆ ಗಿಂಡಿಗೆ ನೀರು ಸುರಿಸಿ, ಮ್ಯಾಟ್ ಎತ್ತಿ ನೋಡಿದರೆ ಸತ್ಯ ತಿಳಿಯುತ್ತದೆ. ಇದಕ್ಕೆ ಒಪ್ಪದವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ.

ಪರೀಕ್ಷೆಗೆ ಜೊತೆಯಲ್ಲಿ ಯಾರನ್ನು ಕರೆದೊಯ್ಯಬೇಕು ಎಂಬುದೂ ಮುಖ್ಯ. ಸ್ಕ್ಯಾನರ್ ಸಿಕ್ಕಿಸಿ ದೋಷ ಓದುವ ಯುವಕರಿಗಿಂತ ಮಹೀಂದ್ರ ಜೀಪು, ಅಂಬಾಸಡರ್‌ಗಳನ್ನು ಬಿಚ್ಚಿ ಕಟ್ಟಿದ ಹಿರಿಯ ಮೆಕ್ಯಾನಿಕ್ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಕಾರ್ಬುರೇಟರ್, ಕಾಂಟ್ಯಾಕ್ಟ್ ಪಾಯಿಂಟ್ ಮತ್ತು ಡ್ರಮ್ ಬ್ರೇಕು ಅವರಿಗೆ ಪರಿಚಿತ. ಅಮೆರಿಕನ್ ಕಾರಿನ ನಟ್ಟು ಬೋಲ್ಟುಗಳು ಇಂಚಿನ ಅಳತೆಯವಾದ್ದರಿಂದ, ಇಂಚಿನ ಸ್ಪ್ಯಾನರ್‌ಗಳನ್ನು ಇನ್ನೂ ಇಟ್ಟುಕೊಂಡಿರುವವರೂ ಬಹುತೇಕ ಅವರೇ.

ಮಾರ್ಪಾಡುಗಳಲ್ಲಿ ಎಲ್ಲವನ್ನೂ ಸಂಶಯದಿಂದ ನೋಡಬೇಕಿಲ್ಲ. 1967ಕ್ಕೂ ಹಿಂದಿನ ಅನೇಕ ಕಾರುಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಬ್ರೇಕ್ ಸರ್ಕ್ಯೂಟ್ ಇರುತ್ತಿತ್ತು. ಎಲ್ಲಾದರೂ ಒಂದು ಕಡೆ ಸೋರಿದರೆ ಬ್ರೇಕ್ ಪೂರ್ತಿ ಹೋದಂತೆಯೇ. ಅದನ್ನು ಎರಡು ಸರ್ಕ್ಯೂಟಿಗೆ ಬದಲಾಯಿಸಿ ಮುಂಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸಿದ್ದರೆ, ಮೂಲರೂಪದ ಅಭಿಮಾನಿಗಳು ಏನೇ ಹೇಳಲಿ, ಸರ್ವಿಸ್ ರಸ್ತೆಯಿಂದ ಟ್ರ್ಯಾಕ್ಟರ್ ಧುತ್ತೆಂದು ಹೆದ್ದಾರಿಗೆ ನುಗ್ಗುವ ನಮ್ಮ ಕಡೆಗೆ ಅದು ಸರಿಯಾದ ಕೆಲಸ. ಎಲೆಕ್ಟ್ರಾನಿಕ್ ಇಗ್ನಿಷನ್ ಮತ್ತು ದೊಡ್ಡ ಅಲ್ಯೂಮಿನಿಯಂ ರೇಡಿಯೇಟರ್ ಕೂಡ ಸ್ವಾಗತಾರ್ಹ. ಹಳೆಯ ಎಂಜಿನ್ ತೆಗೆದು ಜನರಲ್ ಮೋಟಾರ್ಸ್‌ನ 6.2 ಲೀಟರಿನ ಎಲ್‌ಎಸ್3ನಂಥ ಆಧುನಿಕ ಎಂಜಿನ್ ಕೂರಿಸಿದ್ದರೆ ಅದು ಹೆಚ್ಚು ನಂಬಿಕಸ್ಥವಾಗಿ ಓಡುತ್ತದೆ ಎಂಬುದು ನಿಜ, ಆದರೆ ಮೇಲೆ ಹೇಳಿದ ಕಾನೂನಿನ ತೊಡಕು ಅದರೊಂದಿಗೇ ಬರುತ್ತದೆ. ಶಕ್ತಿಯ ಅಂಕಿಗಳನ್ನು ಹೋಲಿಸುವಾಗಲೂ ಎಚ್ಚರ ಬೇಕು: ಅಮೆರಿಕನ್ ಕಂಪನಿಗಳು ಸುಮಾರು 1972ರವರೆಗೆ ಪ್ರಕಟಿಸುತ್ತಿದ್ದ ಅಶ್ವಶಕ್ತಿಯು ಏರ್ ಕ್ಲೀನರ್, ಸೈಲೆನ್ಸರ್ ಮೊದಲಾದವುಗಳಿಲ್ಲದೆ ಎಂಜಿನ್ನನ್ನು ಕಾರಿನ ಹೊರಗೆ ನಿಲ್ಲಿಸಿ ಅಳೆದದ್ದು, ಹಾಗಾಗಿ ಈಗಿನ ಅಳತೆಗಿಂತ ಹೆಚ್ಚಾಗಿ ಕಾಣುತ್ತದೆ.

ಇಂಧನದ ವಿಚಾರವನ್ನು ಬಹಳ ಜನ ಮರೆಯುತ್ತಾರೆ. ಈ ಎಂಜಿನ್‌ಗಳು ಸೀಸ ಬೆರೆಸಿದ ಪೆಟ್ರೋಲಿನ ಕಾಲದವು; ವಾಲ್ವ್ ಸೀಟುಗಳು ಸವೆಯದಂತೆ ಆ ಸೀಸವೇ ಕಾಯುತ್ತಿತ್ತು. ಸಿಲಿಂಡರ್ ಹೆಡ್ಡಿಗೆ ಗಟ್ಟಿ ವಾಲ್ವ್ ಸೀಟುಗಳನ್ನು ಹಾಕಿಸಿದ್ದಾರೆಯೇ, ಈಗಿನ ಎಥೆನಾಲ್ ಮಿಶ್ರಿತ ಪೆಟ್ರೋಲಿಗೆ ತಾಳುವ ರಬ್ಬರ್ ಪೈಪು ಮತ್ತು ಸೀಲುಗಳು ಇವೆಯೇ ಎಂದು ಬಿಲ್ಲು ಸಮೇತ ಕೇಳಬೇಕು. ಹಳೆಯ ಪೈಪು ಮೆತ್ತಗಾಗಿ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿಯ ಅಪಾಯವಿದೆ.

ಓಡಿಸಿ ನೋಡುವುದಕ್ಕೆ ಮುಂಜಾನೆಯ ತಂಪು ಹೊತ್ತನ್ನು ಮಾರುವವರು ಸೂಚಿಸಿದರೆ ಒಪ್ಪಬಾರದು. ಎಂಜಿನ್ ಪೂರ್ತಿ ತಣ್ಣಗಿರುವಾಗ ಹೋಗಿ, ಎದುರಿನಲ್ಲೇ ಸ್ಟಾರ್ಟ್ ಮಾಡಿಸಿ, ನಡುಮಧ್ಯಾಹ್ನದ ಬಿಸಿಲಿನಲ್ಲಿ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಬೇಕು. ಅನಂತರ ಪೇಟೆಯ ದಟ್ಟಣೆಗೆ ತಂದು, ಎ.ಸಿ. ಇದ್ದರೆ ಅದನ್ನೂ ಹಾಕಿ, ಕಾಲು ಗಂಟೆ ನಿಂತಲ್ಲೇ ಎಂಜಿನ್ ಓಡಲು ಬಿಟ್ಟು ಉಷ್ಣಾಂಶದ ಮುಳ್ಳನ್ನು ಗಮನಿಸಬೇಕು. ಬೇಸಿಗೆಯಲ್ಲಿ ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಲ್ಲಿ ಸಿಕ್ಕಿಕೊಂಡಾಗ ಕಾರು ಹೇಗೆ ನಡೆದುಕೊಂಡೀತು ಎಂಬುದಕ್ಕೆ ಅದೇ ಸರಿಯಾದ ಪರೀಕ್ಷೆ. ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಬೇಕು. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಕುದಿಯುವ ತೊಂದರೆಯಿದ್ದರೆ ಆಗ ಬಯಲಾಗುತ್ತದೆ. ಎಡಗಡೆ ಸ್ಟಿಯರಿಂಗ್ ಇರುವ ಕಾರಿಗೆ ಕಾಯ್ದೆಯ 120ನೆಯ ಕಲಮಿನಂತೆ ಸಂಜ್ಞಾ ಸಾಧನ ಚಾಲೂ ಸ್ಥಿತಿಯಲ್ಲಿರಬೇಕು. ಎರಡೇ ಲೇನಿನ ರಸ್ತೆಯಲ್ಲಿ ಮೆಕ್ಕೆಜೋಳದ ಲಾರಿಯೊಂದನ್ನು ಹಿಂದಿಕ್ಕುವಾಗ ಎದುರಿನ ವಾಹನ ಚಾಲಕನಿಗೆ ಕಾಣದ ಕಾರಣ, ಬಲಗಡೆ ಕುಳಿತವರು ನೋಡಿ ಹೇಳಬೇಕಾಗುತ್ತದೆ.

ವ್ಯಾಪಾರ ಕುದುರಿದರೆ, ಪೂರ್ತಿ ಹಣ ಕೊಡುವ ಮೊದಲು ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೆಯ ನಮೂನೆಗಳಿಗೆ ಸಹಿ ಹಾಕಿಸಿಕೊಳ್ಳಬೇಕು. ಹೊರರಾಜ್ಯದ ಕಾರಾದರೆ 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರವೂ ಬೇಕು, ಕರ್ನಾಟಕದ ತೆರಿಗೆಯನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಬೇಕು. ಇಷ್ಟು ಹಳೆಯ ವಾಹನದ ವಿಮಾ ಮೌಲ್ಯವು ವಿಮಾ ಕಂಪನಿ ಮತ್ತು ಮಾಲೀಕರ ಪರಸ್ಪರ ಒಪ್ಪಿಗೆಯಿಂದ ನಿಗದಿಯಾಗುವುದರಿಂದ, ರಿಪೇರಿಯ ಬಿಲ್ಲುಗಳನ್ನೂ ಎಲ್ಲ ಕೋನಗಳಿಂದ ತೆಗೆದ ಚಿತ್ರಗಳನ್ನೂ ಪ್ರಸ್ತಾವನೆಯೊಂದಿಗೆ ಕೊಡಬೇಕು. ವಿಮೆ ಜಾರಿಗೆ ಬಂದ ಮೇಲೆಯೇ ಕಾರನ್ನು ಊರಿಗೆ ತರಬೇಕು, ಅದೂ ಸಾಧ್ಯವಾದರೆ ಕಾರು ಸಾಗಿಸುವ ಲಾರಿಯ ಮೇಲೆ.