ಮೀನಿನ ಪಿಕಪ್ಪಿಗೆ ತುಕ್ಕು ಹಿಡಿಯುವುದು ಒಳಗಿನಿಂದ

ಮಲ್ಪೆ ಬಂದರಿನಿಂದ ಮೀನು ಸಾಗಿಸುವ ಪಿಕಪ್ ನನ್ನದು. ಬಂಗುಡೆ, ಭೂತಾಯಿ ಕ್ರೇಟ್‌ಗಳಿಂದ ಉಪ್ಪುನೀರು ದಾರಿಯುದ್ದಕ್ಕೂ ಸೋರುತ್ತದೆ. ಬಾಡಿಯ ಸಂದಿಯಲ್ಲಿ ಇಳಿದು ಚಾಸಿ, ಅಂದರೆ ಅಡಿಯ ಪೊಳ್ಳು ಕಬ್ಬಿಣದ ಚೌಕಟ್ಟಿನ ಮೇಲೆ, ಅಲ್ಲಿಂದ ಆಕ್ಸಲ್ ಮೇಲೆ ಬೀಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳಿಗೆ ರಜೆ ಅಲ್ವಾ, ಗಾಡಿ ಕೆಲಸಕ್ಕೆ ನನಗೆ ಸಿಗುವ ಬಿಡುವೂ ಅದೇ.

ಮೊದಮೊದಲು ವರ್ಷಕ್ಕೊಮ್ಮೆ ಅಡಿಗೆ ಕಪ್ಪು ಕೋಟಿಂಗ್ ಹೊಡೆಸಿ ನೆಮ್ಮದಿಯಾಗಿರುತ್ತಿದ್ದೆ. ಒಂದು ಮಳೆಗಾಲ ಮೆಕ್ಯಾನಿಕ್ ಅಣ್ಣ ಚಾಸಿಯ ತಳದಲ್ಲಿದ್ದ ತೂತಿಗೆ ಸ್ಕ್ರೂಡ್ರೈವರ್ ಹಾಕಿ ಕೆದಕಿದರು. ಕಂದು ಬಣ್ಣದ ಕೆಸರು ದಬದಬ ಬಿತ್ತು. ಅದರಲ್ಲಿ ಮೀನಿನ ಹುರುಪೆ ಮಿನುಗುತ್ತಿತ್ತು. "ನೀರು ಹೋಗಲೆಂದೇ ಇಟ್ಟ ತೂತು ಮಾರಾಯ, ನೀನು ಕೋಟಿಂಗ್ ಹೊಡೆಸಿ ಮುಚ್ಚಿದ್ದೀಯ" ಅಂದರು. ಹೊರಗೆ ಪಳಪಳ, ಒಳಗೆ ಕಬ್ಬಿಣ ಪದರ ಪದರವಾಗಿ ಏಳುತ್ತಿತ್ತು.

ಈಗ ಪ್ರತಿ ಟ್ರಿಪ್ ಮುಗಿದ ಮೇಲೆ ಬಾವಿ ನೀರಿನಿಂದ ಅಡಿಭಾಗ ತೊಳೆಯುತ್ತೇನೆ. ಚಾಸಿಯ ತೂತಿಗೂ ಪೈಪ್ ಹಿಡಿಯುತ್ತೇನೆ, ಹೊರಬರುವ ನೀರು ತಿಳಿಯಾಗುವವರೆಗೆ. ರಜೆಯಲ್ಲಿ ವೈರ್ ಬ್ರಶ್, ಉಪ್ಪುಕಾಗದದಿಂದ ತುಕ್ಕು ಕೆರೆದು, ರೆಡ್ ಆಕ್ಸೈಡ್ ಬಳಿದು, ಆಮೇಲೆ ಬಣ್ಣ. ಮಳೆಗಾಲದಲ್ಲಿ ಒಣಗಿಸುವುದೇ ದೊಡ್ಡ ಕಷ್ಟ. ಶೆಡ್ಡಿನಲ್ಲಿ ಎರಡು ದಿನ ಫ್ಯಾನ್ ಹಾಕಿಟ್ಟು, ಕೈಗೆ ಪಸೆ ತಾಗದಿದ್ದರೆ ಮಾತ್ರ ಬ್ರಶ್ ಮುಟ್ಟುತ್ತೇನೆ. ಪಸೆಯ ಮೇಲೆ ಬಣ್ಣ ಬಳಿದರೆ ತುಕ್ಕನ್ನು ಒಳಗಿಟ್ಟು ಸಾಕಿದ ಹಾಗೆ. ಚಾಸಿಯ ಒಳಗೆ ಮೇಣದಂಥ ಆಂಟಿ ರಸ್ಟ್ ಸ್ಪ್ರೇ. ಸುಟ್ಟ ಆಯಿಲ್ ಬಳಿಯುವವರಿದ್ದಾರೆ, ನನಗೆ ಅದು ಬೇಡ. ರಬ್ಬರ್ ಬುಷ್ ಹಾಳಾಗುತ್ತದೆ, ಮಳೆಗೆ ತೊಳೆದು ಬಾವಿ ಕಡೆಗೇ ಹೋಗುತ್ತದೆ.

ಆಕ್ಸಲ್‌ನಲ್ಲಿ ನಾನು ಮೊದಲು ನೋಡುವುದು ಹಿಂದಿನ ಹೌಸಿಂಗ್ (ಆಕ್ಸಲ್‌ನ ಹೊರಕವಚ) ಮೇಲೆ ಗಾಳಿಯಾಡಲು ಇಟ್ಟ ಸಣ್ಣ ಬ್ರೀದರ್. ದೂರ ಓಡಿದಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ಬ್ರೀದರ್ ಕಟ್ಟಿದ್ದರೆ ಆ ಒತ್ತಡ ಆಯಿಲನ್ನು ಸೀಲ್ ದಾಟಿಸಿ ಬ್ರೇಕ್ ಲೈನರ್ ಮೇಲೆ ತಳ್ಳುತ್ತದೆ. ಬಿಸಿ ಆಕ್ಸಲ್‌ಗೆ ತಣ್ಣೀರು ಬಿದ್ದರೆ ಗಾಳಿ ಕುಗ್ಗಿ, ಸೀಲ್ ಸಂದಿಯಿಂದ ನೀರನ್ನು ಒಳಗೆ ಎಳೆಯುತ್ತದೆ. ನನ್ನ ಗಾಡಿಯಲ್ಲಿ ಹಾಗೆಯೇ ಆಗಿತ್ತು: ಹಿಂದಿನ ಆಕ್ಸಲ್‌ನ ಗೇರಿನ ಕ್ರೌನ್ ಆಯಿಲ್ ಇಳಿಸಿದರೆ, ನೀರು ಬೆರೆತು ಹಾಲು ಹಾಕಿದ ಕಾಫಿ ಬಣ್ಣ. ಅಂದಿನಿಂದ ಟ್ರಿಪ್ ಮುಗಿದು ಅರ್ಧ ಗಂಟೆ ಬಿಟ್ಟೇ ತೊಳೆಯುತ್ತೇನೆ.

ಮುಂದಿನ ಹಬ್ ಬೇರಿಂಗ್ ಬಿಚ್ಚಿ, ಹಳೇ ಗ್ರೀಸನ್ನು ಪೂರ್ತಿ ತೊಳೆದು, ನೀರಿಗೆ ಬಿಡದ ಹೊಸ ಗ್ರೀಸನ್ನು ಅಂಗೈಯಲ್ಲಿಟ್ಟು ರೋಲರ್‌ಗಳ ನಡುವೆ ಒತ್ತಿ ತುಂಬುತ್ತೇನೆ. ಮೇಲೆ ಸುಮ್ನೆ ಸವರಿದರೆ ಸಾಲದು, ಇನ್ನೊಂದು ಬದಿಯಿಂದ ಗ್ರೀಸ್ ಹೊರಗೆ ಬರಬೇಕು. ನೀಲಿಗಟ್ಟಿದ, ಗುಳಿಬಿದ್ದ ಬೇರಿಂಗನ್ನು ಮತ್ತೆ ಹಾಕುವುದಿಲ್ಲ.

ಈ ಸಲ ಎಡಗಡೆಯ ಪ್ಲೇಟ್ ಸೆಟ್ಟಿನ (ಪಟ್ಟಿ ಸ್ಪ್ರಿಂಗಿನ) ಬ್ರಾಕೆಟ್ ತೆಳುವಾಗಿದೆ. ಬಂದರು ತೆರೆಯುವ ಮೊದಲು ಅದನ್ನು ಕತ್ತರಿಸಿ ಹೊಸದು ಕೂರಿಸಬೇಕು.