ಮಾಸ್ಟೊಡಾನ್ ಸರ್ವರ್‌ನಲ್ಲಿ ಹುಡುಕಾಟ ಸರಿಮಾಡಿದ ಬಗೆ

ಮಾಸ್ಟೊಡಾನ್ ಎಂದರೆ ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು ಸೇರಿ ಆದ ಸೋಶಿಯಲ್ ನೆಟ್‌ವರ್ಕ್. ನಾನು ನೋಡಿಕೊಳ್ಳುವ ನಮ್ಮ ಪುಟ್ಟ ಮಾಸ್ಟೊಡಾನ್ ಸರ್ವರ್‌ನಲ್ಲಿ ಖಾತೆ ಮತ್ತು ಹ್ಯಾಶ್‌ಟ್ಯಾಗ್ ಬಿಟ್ಟರೆ ಬೇರೇನೂ ಹುಡುಕಲು ಆಗುತ್ತಿರಲಿಲ್ಲ. ಹ್ಯಾಶ್‌ಟ್ಯಾಗ್ ಹಾಕದ ಒಳ್ಳೆಯ ಪೋಸ್ಟ್ ಕಳೆದುಹೋದ ಹಾಗೆಯೇ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಮಾಸ್ಟೊಡಾನ್ ಸಾಫ್ಟ್‌ವೇರ್‌ನ 4.2 ಆವೃತ್ತಿಯಲ್ಲಿ ಇದಕ್ಕೆ ದಾರಿ ಸಿಕ್ಕಿತು.

ಸರ್ವರ್ ಅಪ್‌ಡೇಟ್ ಮಾಡಿ, ಪೋಸ್ಟ್‌ಗಳ ಒಳಗಿನ ಪದ ಹುಡುಕಲು ಬೇಕಾದ ಎಲಾಸ್ಟಿಕ್‌ಸರ್ಚ್ ಎಂಬ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿದೆ. ಅದು ಮೆಮೊರಿ ಜಾಸ್ತಿ ತಿನ್ನುತ್ತದೆ, ಹಾಗಾಗಿ ಜಾವಾ ಹೀಪ್‌ಗೆ, ಅಂದರೆ ಅದು ಬಳಸುವ ಮೆಮೊರಿಗೆ, ಮಿತಿ ಹಾಕಿದೆ. ಮಾಸ್ಟೊಡಾನ್‌ನ ಸೆಟ್ಟಿಂಗ್‌ಗಳಿರುವ ಎನ್ವಿರಾನ್‌ಮೆಂಟ್ ಫೈಲ್‌ನಲ್ಲಿ ಎಲಾಸ್ಟಿಕ್‌ಸರ್ಚ್ ಅನ್ನು ಆನ್ ಮಾಡಿ, ಸರ್ವಿಸ್‌ಗಳನ್ನು ರೀಸ್ಟಾರ್ಟ್ ಮಾಡಿ, ಹುಡುಕಾಟದ ಸೂಚಿ ಕಟ್ಟಲು ಮಾಸ್ಟೊಡಾನ್‌ನ ಕಮಾಂಡ್ ಲೈನ್ ಸಾಧನವಾದ ಟೂಟ್‌ಸಿಟಿಎಲ್‌ನ (tootctl) 'ಸರ್ಚ್ ಡಿಪ್ಲಾಯ್' ಕಮಾಂಡ್ ಓಡಿಸಿದೆ.

ಆದರೂ ಬೇರೆಯವರ ಪೋಸ್ಟ್ ಬರಲಿಲ್ಲ. ಅದು ಸಾಫ್ಟ್‌ವೇರ್‌ನ ದೋಷ ಅಲ್ಲ, ಅದನ್ನು ಹಾಗೇ ಕಟ್ಟಿದ್ದಾರೆ. ಒಪ್ಪಿಗೆ ಕೊಟ್ಟವರ ಸಾರ್ವಜನಿಕ ಪೋಸ್ಟ್ ಮಾತ್ರ ಎಲ್ಲರ ಹುಡುಕಾಟಕ್ಕೆ ಸಿಗುತ್ತದೆ. ಆ ಆಯ್ಕೆ ಮೊದಲಿಗೆ ಆಫ್ ಇರುತ್ತದೆ. ಪಬ್ಲಿಕ್ ಪ್ರೊಫೈಲ್‌ನ 'ಪ್ರೈವಸಿ ಅಂಡ್ ರೀಚ್' ಪುಟದಲ್ಲಿ ಅವರೇ ಟಿಕ್ ಹಾಕಬೇಕು. ಆ ಒಪ್ಪಿಗೆ 'ಇಂಡೆಕ್ಸಬಲ್' ಎಂಬ ಗುರುತಾಗಿ ಸರ್ವರ್‌ಗಳು ಒಂದರ ಜೊತೆ ಒಂದು ಮಾತಾಡಲು ಬಳಸುವ ಆ್ಯಕ್ಟಿವಿಟಿಪಬ್ ಪ್ರೋಟೊಕಾಲ್ ಮೂಲಕ ಬೇರೆ ಸರ್ವರ್‌ಗಳಿಗೂ ಹೋಗುತ್ತದೆ. ನನಗೆ ಇದು ತುಂಬಾ ಇಷ್ಟವಾಯಿತು. ಯಾವುದೋ ಪದ ಹುಡುಕಿ, ಗುರುತು ಪರಿಚಯ ಇಲ್ಲದವರ ಮೇಲೆ ಮುಗಿಬೀಳುವವರನ್ನು ನೋಡಿದವರಿಗೆ ಇದರ ಬೆಲೆ ಗೊತ್ತು, ಅಲ್ವಾ?

ಎಲ್ಲರ ಖಾತೆಗೂ ನೀವೇ ಟಿಕ್ ಹಾಕಿಬಿಡಿ ಎಂದು ಕೆಲವರು ಕೇಳಿದರು. ನಾನು ಒಪ್ಪಲಿಲ್ಲ. ಸೆಟ್ಟಿಂಗ್ ಎಲ್ಲಿದೆ, ಆನ್ ಮಾಡಿದರೆ ಏನಾಗುತ್ತದೆ ಎಂದು ಎಲ್ಲರಿಗೂ ತಿಳಿಸಿದೆ. ಇಷ್ಟ ಇದ್ದವರು ಆನ್ ಮಾಡಿದರು, ಉಳಿದವರು ಸುಮ್ನೆ ಬಿಟ್ಟರು. ಈಗ ಪದದ ಜೊತೆ 'language:kn' ಎಂದು ಸೇರಿಸಿದರೆ ಕನ್ನಡ ಎಂದು ಗುರುತಿಸಿದ ಪೋಸ್ಟ್‌ಗಳಷ್ಟೇ ಬರುತ್ತವೆ. ಅದೂ ನಮ್ಮ ಸರ್ವರ್‌ಗೆ ತಲುಪಿದವು ಮಾತ್ರ.